ಕಾಡು ಬೇರೆ, ಕಲ್ಲು ಬೇರೆ: ಆಟದ ಮೇಜಿಗೆ ಬಿಡಿಬಿಡಿಯಾಗಿ ಪಾಳುಗುಡಿ ಕಟ್ಟಿದ ನನ್ನ ಅನುಭವ

ಪುಟ್ಟ ಬೊಂಬೆಗಳನ್ನು (ಮಿನಿಯೇಚರ್) ಮೇಜಿನ ಮೇಲೆ ಸರಿಸಿ ಆಡುವ ಆಟಕ್ಕೆಂದು ಮಾಡುವ ಕಾಡು, ಕಟ್ಟಡಗಳ ಮಾದರಿಯೇ ಟೆರೇನ್. ಪಾಳುಗುಡಿಯ ಟೆರೇನ್‌ನಲ್ಲಿ ಮರದ ಬೇರುಗಳನ್ನು ಗೋಡೆಗೆ ಅಂಟಿಸಬಾರದು, ಅವು ಬಿಡಿಯಾಗಿಯೇ ಇರಬೇಕು ಎಂದು ನಾನು ಮೊದಲು ಹೇಳಿದಾಗ ನಮ್ಮ ಆಟದ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಮೇಜು ಅಲುಗಿದರೆ ಬೇರು ಜಾರುತ್ತದೆ, ನಿಜವಾದ ಗಿಡದ ಬೇರಾದರೆ ಮೊದಲ ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ, ಫೋಮ್ ಗೋಡೆ ನಾಲ್ಕು ಆಟಕ್ಕೆ ಮೂಲೆ ಮುರಿದುಕೊಳ್ಳುತ್ತದೆ, ಇಷ್ಟೆಲ್ಲ ಒದ್ದಾಡುವುದಕ್ಕಿಂತ ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಿಟ್ ತರಿಸಿಕೊಳ್ಳುವುದೇ ಮೇಲು ಎಂಬ ಮಾತುಗಳನ್ನೆಲ್ಲ ಕೇಳಿಸಿಕೊಂಡೆ. ಈಗ ನಾನು ಬೇರುಗಳನ್ನು ಬಿಡಿಯಾಗಿಟ್ಟು ಮಾಡಿದ ಸೆಟ್ಟು ಎರಡು ಮಳೆಗಾಲ ದಾಟಿದೆ, ಹೆಚ್ಚುಕಡಿಮೆ ಪ್ರತಿ ವಾರ ಮೇಜಿಗೇರುತ್ತಿದೆ, ಒಂದು ಜೋಡಣೆಯಂತೆ ಇನ್ನೊಂದು ಇಲ್ಲ. ಅನುಮಾನಪಟ್ಟವರಲ್ಲಿ ಇಬ್ಬರು ಅದನ್ನು ಎರವಲು ಪಡೆದು ತಮ್ಮ ಮನೆಯಲ್ಲಿ ಆಡಿಯೂ ಆಗಿದೆ. ಆದ್ದರಿಂದ ಹೇಗೆ ಮಾಡಿದೆನೆಂದು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ಹಾಟ್ ವೈರ್ ಕಟರ್ (ಫೋಮ್ ಕತ್ತರಿಸುವ ಬಿಸಿ ತಂತಿ), ಡ್ರೈ ಬ್ರಶ್ (ಒಣ ಕುಂಚದಿಂದ ಉಬ್ಬುಗಳಿಗೆ ಬಣ್ಣ ಸವರುವುದು), ವಾಶ್ (ಸಂದುಗಳಿಗೆ ಇಳಿಯುವ ನೀರುಬಣ್ಣ) ಇವೆಲ್ಲ ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿರುವುದರಿಂದ ಅವುಗಳ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ.

ಶುರುವಿನಲ್ಲಿ ಎಲ್ಲರಂತೆ ನಾನೂ ಚೌಕ ಟೈಲುಗಳನ್ನೇ ಹಿಡಿದೆ. ನಮ್ಮ ಮೇಜು ಆರು ಅಡಿಗೆ ನಾಲ್ಕು ಅಡಿ. ಎಂಟು ಅಡಿಯ ಪ್ಲೈವುಡ್ ಹಾಳೆಯಲ್ಲಿ ಎರಡು ಅಡಿ ಕಡಿದು ತೆಗೆದರೆ ಸಿಗುವ ಅಳತೆ. ಅದರ ಮೇಲೆ ಒಂದೊಂದು ಅಡಿಯ ಚೌಕಗಳು, ಪ್ರತಿ ಚೌಕದಲ್ಲಿ ಗೋಡೆ, ಮರ, ಪೊದೆ ಎಲ್ಲವೂ ಅಂಟಿಕೊಂಡೇ ಇರಬೇಕು, ತಿರುಗಿಸಿ ಜೋಡಿಸಿದರೆ ಹೊಸ ಕಾಡು ಸಿಗಬೇಕು ಎಂಬುದು ಲೆಕ್ಕ. ಕಾಗದದ ಮೇಲೆ ಚೆನ್ನಾಗಿದ್ದ ಈ ಲೆಕ್ಕ ಮೂರು ಕಡೆ ಕೈಕೊಟ್ಟಿತು. ಒಂದನೆಯದಾಗಿ, ಮೂರು ಮಿಲಿಮೀಟರ್ ಎಂಡಿಎಫ್‌ನ ಒಂದೇ ಮುಖಕ್ಕೆ ನೀರು ಬೆರೆಸಿದ ಅಂಟು ಮತ್ತು ಮರಳು ಹಾಕಿದಾಗ ಅದು ಒಣಗುತ್ತಾ ಮೂಲೆಗಳನ್ನು ಮೇಲೆತ್ತಿತು. ಎರಡನೆಯದಾಗಿ, ಎಷ್ಟೇ ಎಲೆ ಉದುರಿಸಿದರೂ ಟೈಲುಗಳ ನಡುವಿನ ನೇರ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು; ಕಾಡಿನಲ್ಲಿ ನೇರ ಗೆರೆಯೇ ಇರುವುದಿಲ್ಲವಾದ್ದರಿಂದ ಊರಿನ ಬೀದಿಯ ಟೈಲಿಗಿಂತ ಇಲ್ಲಿ ಅದರ ಕಾಟ ಹೆಚ್ಚು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮರ ಅಂಟಿದ್ದ ಕಡೆ ಕೈ ಹೋಗುವುದಿಲ್ಲ, ಮಿನಿಯೇಚರ್ ನಿಲ್ಲುವುದಿಲ್ಲ. ನೋಡುವುದಕ್ಕೆ ದಟ್ಟವಾಗಿದ್ದ ಆ ಕಾಡಿನೊಳಗೆ ಒಂದು ಆಟದಲ್ಲೂ ಯಾರೂ ಕಾಲಿಡದೆ ಎಲ್ಲರೂ ಅಂಚಿನಲ್ಲೇ ಸುತ್ತಾಡಿದರು. ಇದರ ಹಿಂದೆ ನಾಲ್ಕು ಸಾವಿರದ ಆಸುಪಾಸು ರೂಪಾಯಿ ಹೋಯಿತು. ಅದರಲ್ಲಿ ಅರ್ಧದಷ್ಟು, ವಾರಗಟ್ಟಲೆ ಕಾಯಿಸಿ ಕೊನೆಗೆ ಚೌಕದ ಒಂದು ಬದಿಯನ್ನು ಎರಡು ಮಿಲಿಮೀಟರ್ ಕಡಿಮೆ ಕತ್ತರಿಸಿ ಕೊಟ್ಟ ಲೇಸರ್ ಅಂಗಡಿಗೆ ಸಂದಿತು.

ಆಮೇಲೆ ಆಯಸ್ಕಾಂತದ ಕಾಲ ಬಂತು. ಗೋಡೆಗಳನ್ನು ಬಿಡಿ ಮಾಡಿ, ತುದಿಗಳಲ್ಲಿ ಐದು ಮಿಲಿಮೀಟರ್‌ನ ನಿಯೋಡೈಮಿಯಂ ಬಿಲ್ಲೆಗಳನ್ನು ಹುದುಗಿಸಿದರೆ ಕಚ್ಚಿಕೊಂಡು ನಿಲ್ಲುತ್ತವೆ ಎಂಬುದು ಬಳಗದ ಸಲಹೆ. ನಿಂತವು ನಿಜ. ಆದರೆ ಬಿಡಿಸುವಾಗ ಬಿಲ್ಲೆ ತನ್ನ ಸುತ್ತಲಿನ ಫೋಮನ್ನೂ ಕಿತ್ತುಕೊಂಡು ಬರುತ್ತಿತ್ತು. ಜೊತೆಗೆ ಎಲ್ಲ ಗೋಡೆಗಳೂ ಎಲ್ಲ ಗೋಡೆಗಳಿಗೂ ಹೊಂದಬೇಕೆಂದರೆ ಪ್ರತಿ ತುದಿಗೂ ಎರಡು ಬಿಲ್ಲೆಗಳನ್ನು ವಿರುದ್ಧ ದಿಕ್ಕಿನಲ್ಲಿ ಕೂರಿಸಬೇಕು. ಹದಿನೈದು ಗೋಡೆ ದಾಟುವಷ್ಟರಲ್ಲಿ ಸಾವಿರ ರೂಪಾಯಿಗೂ ಮಿಕ್ಕಿ ಖರ್ಚು ಬಂತು. ಇಷ್ಟಾದರೂ ಜೋಡಣೆಯ ಗೆರೆ ಎಲ್ಲೂ ಹೋಗಲಿಲ್ಲ.

ದಾರಿ ಕಂಡದ್ದು ಕಾಂಬೋಡಿಯದ ತಾ ಪ್ರೋಮ್ ದೇಗುಲದ ಚಿತ್ರಗಳನ್ನು ಮತ್ತೆ ಮತ್ತೆ ನೋಡುವಾಗ. ಖ್ಮೇರ್ ಅರಸ ಏಳನೆಯ ಜಯವರ್ಮನ್ ಕಟ್ಟಿಸಿದ, 1186ರ ಶಾಸನವಿರುವ ಈ ಗುಡಿಯನ್ನು, ಖ್ಮೇರರ ಹಳೆಯ ರಾಜಧಾನಿ ಅಂಗ್ಕೋರ್‌ನ ಫ್ರೆಂಚ್ ವಿದ್ವಾಂಸರು ಬಹುಮಟ್ಟಿಗೆ ಕಾಡು ಹಿಡಿದ ಸ್ಥಿತಿಯಲ್ಲೇ ಉಳಿಸಿಕೊಂಡರು. ಈಚಿನ ದಶಕಗಳಲ್ಲಿ ಅದರ ಸಂರಕ್ಷಣೆಯಲ್ಲಿ ನಮ್ಮ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ ಕೈಜೋಡಿಸಿದೆ. ಜಂಗಲ್ ರೂಯಿನ್ಸ್ ಎಂದು ಪೆಟ್ಟಿಗೆಯ ಮೇಲೆ ಬರೆದು ಮಾರುವ ಕಿಟ್ಟುಗಳಲ್ಲಿ ಹಲವು ಅದರ ದೂರದ ನೆಂಟರೇ. ಅಲ್ಲಿಯ ಗೋಡೆಗಳಲ್ಲಿ ಕಲ್ಲಿನ ಮೇಲೆ ಕಲ್ಲು ಗಾರೆಯಿಲ್ಲದೆ ಕೂತಿದೆ, ಎಲ್ಲೆಲ್ಲೂ ಸಂದುಗಳಿವೆ, ಆದರೂ ನಮ್ಮ ಕಣ್ಣಿಗೆ ಸಂದು ಕಾಣುವುದಿಲ್ಲ. ಕಾಣುವುದು ಅದರ ಮೇಲೆ ಇಳಿಬಿದ್ದ ಬೇರು. ಗೋಡೆಯ ತಲೆಯಿಂದ ಹೊರಟು, ಎರಡು ಪಾಲಾಗಿ, ಎರಡೂ ಬದಿಗೆ ಇಳಿದು ನೆಲ ಹಿಡಿದಿರುವ ಆ ಬೇರನ್ನು ನೋಡಿದಾಗ ನನ್ನ ಇಡೀ ಲೆಕ್ಕ ತಿರುಗಿತು. ಗೋಡೆಯನ್ನು ಗೋಡೆಗೆ ಕಚ್ಚಿಸುವ ಅಗತ್ಯವೇ ಇಲ್ಲ. ಎರಡು ಗೋಡೆಗಳನ್ನು ಸುಮ್ಮನೆ ಪಕ್ಕಪಕ್ಕ ಇಟ್ಟು, ಅವು ಸೇರುವ ಜಾಗದಲ್ಲಿ ಒಂದು ಬೇರನ್ನು ಜೀನು ಹೊದಿಸಿದಂತೆ ಹೊದಿಸಿದರೆ ಗೆರೆ ಮುಚ್ಚುತ್ತದೆ, ಗೋಡೆಗಳೂ ಅಲುಗುವುದಿಲ್ಲ.

ಗೋಡೆಗಳಿಗೆ ಐವತ್ತು ಮಿಲಿಮೀಟರ್ ದಪ್ಪದ, ಗಟ್ಟಿ ಪ್ಲಾಸ್ಟಿಕ್ ನೊರೆಯ ಹಾಳೆಯಾದ ಎಕ್ಸ್‌ಪಿಎಸ್ ಫೋಮ್ ಹಿಡಿದೆ. ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ತಾರಸಿಗೆ ಬಿಸಿಲು ತಾಗದಂತೆ ಹಾಸುವ ಸರಕಾಗಿ ಇದು ಕಟ್ಟಡ ಸಾಮಗ್ರಿಯವರಲ್ಲಿ ಸಿಗುತ್ತದೆ. ಅವರು ಬಿಡಿ ಹಾಳೆ ಕೊಡದೆ ಕಟ್ಟುಗಟ್ಟಲೆ ಕೊಳ್ಳಿ ಎನ್ನುತ್ತಾರೆ. ನಾವು ಮೂವರು ಸೇರಿ ಒಂದು ಕಟ್ಟು ಹಂಚಿಕೊಂಡದ್ದರಿಂದ ಹಾಳೆಗೆ ಮುನ್ನೂರೈವತ್ತರ ಆಸುಪಾಸು ಬಿತ್ತು. ದಪ್ಪ ಯಾಕೆ ಎಂದರೆ, 32 ಮಿಲಿಮೀಟರ್ ಅಗಲದ ಬೇಸಿನ (ಅಡಿಬಿಲ್ಲೆಯ) ಮಿನಿಯೇಚರ್ ಗೋಡೆಯ ಮೇಲೆ ನಿಲ್ಲಬೇಕು. ಎತ್ತರದ ಗೋಡೆ ಸುಮಾರು ಮೂರು ಇಂಚು, ದೃಷ್ಟಿರೇಖೆಯನ್ನು ಪೂರ್ತಿ ತಡೆಯುವಷ್ಟು. ಗಿಡ್ಡ ಗೋಡೆ ಒಂದೂಕಾಲು ಇಂಚು, ಎದೆಮಟ್ಟದ ಮರೆಗೆ. ಉದ್ದ ಮಾತ್ರ ಬೇಕೆಂದೇ ಬೇರೆಬೇರೆ.

ತುದಿಗಳನ್ನು ನೇರ ಕತ್ತರಿಸಲಿಲ್ಲ. ಖ್ಮೇರ್ ಕಟ್ಟುಗರು ನಿಜವಾದ ಕಮಾನು ಕಟ್ಟಿದವರಲ್ಲ; ಒಂದೊಂದೇ ಕಲ್ಲನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಚಾಚಿಸಿ ಎರಡು ಬದಿಗಳನ್ನೂ ಮೇಲೆ ಕೂಡಿಸುತ್ತಿದ್ದರು. ಹಾಗಾಗಿ ಬಾಗಿಲು, ಮೊಗಸಾಲೆ ಕುಸಿದಾಗ ಉಳಿಯುವುದು ಮೆಟ್ಟಿಲು ಮೆಟ್ಟಿಲಾದ ತುದಿ. ನನ್ನ ಎಲ್ಲ ಗೋಡೆಗಳ ತುದಿಯೂ ಅದೇ ಮೆಟ್ಟಿಲಿನ ಅಳತೆಯಲ್ಲಿದೆ. ಆದ್ದರಿಂದ ಎರಡು ತುದಿಗಳನ್ನು ಎದುರುಬದುರು ಇಟ್ಟರೆ ಬಾಗಿಲು, ದೂರ ಸರಿಸಿದರೆ ಕುಸಿದ ಗೋಡೆ, ಒಂದನ್ನು ತಲೆಕೆಳಗು ಮಾಡಿದರೆ ದಾರಿ ಬಂದ್. ಒಂದೇ ತುಂಡಿಗೆ ಮೂರು ಕೆಲಸ.

ಕಲ್ಲಿನ ಗೆರೆಗಳನ್ನು ಪೆನ್ಸಿಲಿನಿಂದ ಒತ್ತಿ, ಅಲ್ಯೂಮಿನಿಯಂ ಹಾಳೆಯ ಉಂಡೆ ಉರುಳಿಸಿ ಮೈ ಒರಟು ಮಾಡುವುದೆಲ್ಲ ನಿಮಗೆ ಗೊತ್ತಿರುವುದೇ. ಹೆಚ್ಚಿನವರು ಬಿಟ್ಟುಬಿಡುವ ಒಂದು ಸಂಗತಿಯೆಂದರೆ ಅಂಗ್ಕೋರ್‌ನ ಮರಳುಗಲ್ಲುಗಳಲ್ಲಿ ಕಾಣುವ ಸಣ್ಣ ದುಂಡನೆಯ ರಂಧ್ರಗಳು. ಕಲ್ಲನ್ನು ಎತ್ತಿ ಕೂರಿಸುವುದಕ್ಕೆ ಗೂಟ ಸಿಕ್ಕಿಸಲು ಅವನ್ನು ಕೊರೆದಿದ್ದರೆಂದು ವಿವರಿಸುತ್ತಾರೆ. ದಬ್ಬಳದ ತುದಿಯಿಂದ ಕೆಲವು ಕಲ್ಲುಗಳಿಗೆ ಎರಡೆರಡು ಚುಚ್ಚಿ, ಆಮೇಲೆ ಕಪ್ಪು ವಾಶ್ ಹರಿಸಿದರೆ ಫೋಮು ಫೋಮಾಗಿ ಉಳಿಯುವುದಿಲ್ಲ. ಕಿಟಕಿಗಳಲ್ಲಿ ಬಳೆ ಬಳೆಯಾಗಿ ಕಡೆದ ಕಲ್ಲಿನ ಸರಳುಗಳಿರುತ್ತವೆ. ಅದಕ್ಕೆ ಬಾಲ್ ಪೆನ್ನಿನೊಳಗಿನ ಸ್ಪ್ರಿಂಗನ್ನು ಬಿದಿರುಕಡ್ಡಿಗೆ ಏರಿಸಿ, ಅಲ್ಲಲ್ಲಿ ಒತ್ತಾಗಿ ಅಲ್ಲಲ್ಲಿ ಬಿಡುವಾಗಿ ಎಳೆದು, ಮೇಲೆ ದಪ್ಪನೆಯ ಬಣ್ಣ ಬಳಿದೆ. ಕಿಟಕಿಗೆ ಐದು ಸರಳು, ಒಂದನ್ನು ಮುರಿದು ಕೆಳಗೆ ಬೀಳಿಸಬೇಕು.

ಸ್ಪ್ರೇ ಬಣ್ಣ ಫೋಮನ್ನು ತಿನ್ನುತ್ತದೆ ಎಂದು ಎಲ್ಲರೂ ಎಚ್ಚರಿಸುತ್ತಾರಲ್ಲವೇ, ನಾನು ಅದನ್ನೇ ಕೆಲಸಕ್ಕೆ ಹಚ್ಚಿದೆ. ತಾ ಪ್ರೋಮ್‌ನ ಹೊರ ಪ್ರಾಕಾರ ಜಂಬಿಟ್ಟಿಗೆಯದು, ಅಂದರೆ ನಮ್ಮ ಕರಾವಳಿಯವರು ಮನೆ ಕಟ್ಟುವ ಅದೇ ತೂತುತೂತಿನ ಕೆಂಗಲ್ಲು. ಅಗ್ಗದ ಸ್ಪ್ರೇ ಡಬ್ಬಿಯನ್ನು ಒಂದು ತೋಳಿನ ದೂರದಲ್ಲಿ ಹಿಡಿದು, ಮಂಜಿನಂತೆ ಒಮ್ಮೆ ಸುಳಿಸಿ ನಿಲ್ಲಿಸಿದರೆ ಹನಿ ಬಿದ್ದಲ್ಲೆಲ್ಲ ಗುಳಿ ಬೀಳುತ್ತದೆ, ಉಳಿದ ಮೈ ಹಾಗೆಯೇ ಇರುತ್ತದೆ. ಹತ್ತಿರ ಹಿಡಿದರೆ ಇಡೀ ಗೋಡೆ ಕರಗಿ ಜೋಲುತ್ತದೆ. ಅಂಥ ಎರಡು ಮೂರು ಗೋಡೆಗಳನ್ನು ಚೂರು ಮಾಡಿ ಉದುರಿದ ಕಲ್ಲಿನ ರಾಶಿಗೆ ಹಾಕಿದೆ. ಇದನ್ನು ತಾರಸಿಯ ಮೇಲೆ, ಗಾಳಿ ಆಡುವಲ್ಲಿಯೇ ಮಾಡಬೇಕು. ಆಮೇಲೆ ಅಂಟು ಬೆರೆಸಿದ ಕಪ್ಪು ಎಕ್ಸ್‌ಟೀರಿಯರ್ ಎಮಲ್ಶನ್ ಎರಡು ಕೈ ಬಳಿದರೆ ಮೈ ಗಟ್ಟಿಯಾಗುತ್ತದೆ. ಮೂಲೆ ಮುರಿಯದಿರಲು ಕಾರಣ ಈ ಎಮಲ್ಶನ್. ಹಾಬಿ ಬಣ್ಣಕ್ಕೆ ಸಾವಿರಗಟ್ಟಲೆ ಸುರಿಯುವುದು ತಪ್ಪಿತು. ಕೆಂಗಲ್ಲಿನ ಬಣ್ಣಕ್ಕೆ ಮನೆ ಮುಂದೆ ಸಾರಿಸುವ ಕೆಮ್ಮಣ್ಣನ್ನೇ ನೀರಿನಲ್ಲಿ ಕದಡಿ ಹರಿಸಿದೆ. ಅದನ್ನು ಯಾವ ಬಣ್ಣದ ಜೊತೆ, ಯಾವ ಹದದಲ್ಲಿ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನು ಬೇರು. ತಂತಿ ತಿರುಚಿ ಮೇಲೆ ಹಾಟ್ ಗ್ಲೂ ಎಳೆದದ್ದು ಪ್ಲಾಸ್ಟಿಕ್ಕಾಗಿಯೇ ಕಂಡಿತು. ಸೆಣಬಿನ ಹುರಿಯನ್ನು ಅಂಟಿನಲ್ಲಿ ಅದ್ದಿ ಒಣಗಿಸಿದ್ದು ದೂರದಿಂದ ಪರವಾಗಿಲ್ಲ, ಹತ್ತಿರದಿಂದ ಹುರಿಯೇ. ತೆಂಗಿನ ನಾರು ಬಳ್ಳಿಗೆ ಸರಿ, ಬೇರಿನ ದಪ್ಪಕ್ಕೆ ಸಾಲದು. ಕೊನೆಗೆ ಸಿಕ್ಕಿದ್ದು ಪುಕ್ಕಟೆ: ಹಳೆಯ ಮನೆಗಳ ತಾರಸಿಯ ಕೈಪಿಡಿ ಗೋಡೆಗಳಲ್ಲಿ, ಮೋರಿಯ ಸಂದುಗಳಲ್ಲಿ ಹುಟ್ಟುವ ಅರಳಿ, ಆಲದ ಸಸಿಗಳು. ಗೋಡೆ ಬಿರಿಯುತ್ತದೆಂದು ಹೇಗೂ ಕಿತ್ತೆಸೆಯುವ ಗಿಡಗಳವು. ಇಟ್ಟಿಗೆಯ ಸಂದಿನಲ್ಲಿ ಬೆಳೆದದ್ದರಿಂದ ಅವುಗಳ ಬೇರು ಚಪ್ಪಟೆಯಾಗಿ, ಲಂಬಕೋನದಲ್ಲಿ ತಿರುಗಿ, ಕಲ್ಲನ್ನು ತಬ್ಬಿದ ಆಕಾರವನ್ನು ಹುಟ್ಟಿನಿಂದಲೇ ಪಡೆದಿರುತ್ತದೆ. ನೆಲದಲ್ಲಿ ಬೆಳೆದ ಸಸಿಯ ಬೇರು ಈ ಕೆಲಸಕ್ಕೆ ಬರುವುದಿಲ್ಲ.

ಹಸಿ ಬೇರನ್ನು ತೊಳೆದು ಹಾಗೇ ಒಣಗಿಸಿದ ಮೊದಲ ಕಂತು ಜುಲೈನಲ್ಲಿ ಬೂಷ್ಟು ಹಿಡಿಯಿತು. ಬಳಗದವರು ಹೇಳಿದ್ದು ಅಷ್ಟರಮಟ್ಟಿಗೆ ನಿಜವೇ. ಎರಡನೆಯ ಕಂತಿಗೆ ಉಪ್ಪುನೀರು ಹಿಡಿಸಿದರೆ ಉಪ್ಪು ತೇವ ಎಳೆದು ಬಣ್ಣ ಎದ್ದಿತು. ಕೊನೆಗೆ ಗ್ರಂಥಿಗೆ ಅಂಗಡಿಯ ಬಿಳಿಗಾರ (ಬೋರಾಕ್ಸ್) ಕೈಹಿಡಿಯಿತು. ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಬಿಳಿಗಾರ ಕರಗಿಸಿ, ಬೇರನ್ನು ಎರಡು ದಿನ ಮುಳುಗಿಸಿಟ್ಟು, ತೇವವಿರುವಾಗಲೇ ಅದೇ ಗೋಡೆಯ ಅಳತೆಯ ಮರದ ತುಂಡಿಗೆ ದಾರದಿಂದ ಬಿಗಿದು, ನೆರಳಿನಲ್ಲಿ ಎರಡು ವಾರ ಬಿಡಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ. ಬಿಚ್ಚಿದ ಮೇಲೂ ಹಿಡಿತ ಸಡಿಲವಾಗದಂತೆ ಮಾಡುವುದಕ್ಕೆ ಇನ್ನೊಂದು ಹಂತವಿದೆ. ಅದನ್ನು ಕಂಡುಹಿಡಿಯಲು ನನಗೆ ಒಂದು ಬೇಸಿಗೆ ಹಿಡಿದಿದೆ, ನೀವೂ ಸ್ವಲ್ಪ ಕೈ ಸುಟ್ಟುಕೊಳ್ಳಿ. ಬೇರಿನ ಒಳಮೈಗೆ ಸೈಕಲ್ ಟ್ಯೂಬಿನ ಸಣ್ಣ ಚೂರುಗಳನ್ನು ಅಂಟಿಸಿದ ಮೇಲೆ ಜಾರುವ ಮಾತೇ ಇಲ್ಲ. ಆಟದ ನಡುವೆ ಯಾರದೋ ಮೊಣಕೈ ಮೇಜಿಗೆ ಜೋರಾಗಿ ತಗುಲಿದಾಗ ದಾಳಗಳು ಉರುಳಿದವೇ ಹೊರತು ಬೇರು ಕದಲಲಿಲ್ಲ.

ಮರಗಳೂ ಹೀಗೆಯೇ ಬಿಡಿ. ಪ್ರತಿ ಮರ ಒಂದು ಕಬ್ಬಿಣದ ವಾಷರಿನ ಮೇಲೆ ನಿಂತಿದೆ; ತೂಕಕ್ಕೂ ಆಯಿತು, ಮಿನಿಯೇಚರ್ ಒಳಗೆ ಬಂದಾಗ ಎತ್ತಿ ಪಕ್ಕಕ್ಕಿಡುವುದಕ್ಕೂ ಆಯಿತು. ಕಾಡಿನ ಗಡಿಯನ್ನು ಹೇಳುವುದು ಕೆಳಗಿನ ಅಂಕುಡೊಂಕಿನ ತಟ್ಟೆ ಮಾತ್ರ, ಅದನ್ನು ಎರಡೂ ಮುಖಕ್ಕೆ ಬಣ್ಣ ಬಳಿದ ಎಂಡಿಎಫ್‌ನಲ್ಲಿ ಮಾಡಿದ್ದರಿಂದ ಈ ಸಲ ಬಾಗಿಲ್ಲ. ಎಲೆಗಳಿಗೆ ಚಿಕ್ಕಪೇಟೆಯ ಕೃತಕ ಹೂವಿನ ಅಂಗಡಿಗಳಲ್ಲಿ ಇನ್ನೂರು ರೂಪಾಯಿಗೆ ಚೀಲ ತುಂಬಿತು. ಸೋಪಿನಲ್ಲಿ ತೊಳೆದು ಹೊಳಪು ಸಾಯುವಂತೆ ಮ್ಯಾಟ್ ಬಣ್ಣ ಹೊಡೆಯದಿದ್ದರೆ ಮದುವೆ ಮಂಟಪವಾಗುತ್ತದೆ ಅಷ್ಟೆ. ತೆಂಗಿನ ಗರಿಯ ಬುಡದಲ್ಲಿ ಸುತ್ತಿಕೊಂಡಿರುವ ಬಲೆಯಂಥ ಪೊರೆಯನ್ನು ಹರಿದು ಗೋಡೆಯಿಂದ ಇಳಿಬಿಟ್ಟರೆ ಒಣಬಳ್ಳಿಯ ಜಾಲ ಸಿದ್ಧ, ಅದಕ್ಕೂ ಬಿಳಿಗಾರದ ಸ್ನಾನ ಆಗಲೇಬೇಕು. ನೆಲಕ್ಕೆ ಚಹಾದ ಚರಟ ಹಾಕುವವರು ಬಾಣಲೆಯಲ್ಲಿ ಚೆನ್ನಾಗಿ ಹುರಿದೇ ಹಾಕಲಿ.

ಇದೇ ಬೇರುಗಳನ್ನು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಮಾದರಿಯ ಗೋಡೆಗೂ ಹೊದಿಸಿ ನೋಡಿದೆ. ಕೆಳದಿ ನಾಯಕರ ಆ ಕೋಟೆಯ ಗೋಡೆಗಳು ಭಾರಿ ಗಾತ್ರದ ಕಲ್ಲುಗಳವು, ಮಲೆನಾಡಿನ ಮಳೆಗೆ ಪಾಚಿ ಕಟ್ಟಿದವು. ಕಾಂಬೋಡಿಯದ ಕಟ್ಟಡದಂತೆ ಸಮ ವರಸೆಗಳು ಇಲ್ಲದಿರುವುದರಿಂದ ಫೋಮ್ ಕೊರೆಯುವುದು ನಿಧಾನ, ಮೆಟ್ಟಿಲು ತುದಿಯ ಉಪಾಯವೂ ಅಲ್ಲಿ ನಡೆಯುವುದಿಲ್ಲ. ಆದರೆ ಪಾಚಿಯ ವಿಷಯದಲ್ಲಿ ಅದೇ ಮೇಲು. ನಾಲ್ಕು ಗೋಡೆಗೆ ನಿಲ್ಲಿಸಿದ್ದೇನೆ, ಮುಂದುವರಿಸುವ ಆಸೆಯಿದೆ. ತ್ರೀಡಿ ಪ್ರಿಂಟಿನಲ್ಲಿ ಒಂದು ಬೇರು ಮಾಡಿಸಿಯೂ ನೋಡಿದೆ; ಒಂದಕ್ಕೆ ನಾನೂರು ರೂಪಾಯಿ, ಎಷ್ಟು ಮಾಡಿಸಿದರೂ ಎಲ್ಲ ಬೇರೂ ಒಂದೇ ಮುಖದವು.

ಹಳೆಯ ಟೈಲು, ಆಯಸ್ಕಾಂತಗಳ ನಷ್ಟ ಬಿಟ್ಟರೆ, ಈಗಿರುವ ಸೆಟ್ಟಿಗೆ ಒಟ್ಟು ಐದೂವರೆ ಸಾವಿರದೊಳಗೆ ಆಗಿದೆ. ಇಷ್ಟು ಮೇಜು ತುಂಬುವ ಹೊರದೇಶದ ಕಿಟ್ಟಿಗೆ ಸುಂಕ ಸೇರಿ ಇದರ ನಾಲ್ಕೈದು ಪಟ್ಟು ಕೇಳಿದ್ದರು. ಎಲ್ಲವೂ ಎರಡು ಪ್ಲಾಸ್ಟಿಕ್ ಡಬ್ಬಗಳಲ್ಲಿ ಹಿಡಿಯುತ್ತದೆ: ಕೆಳಗೆ ಗೋಡೆ, ನಡುವೆ ಹಳೆಯ ಪತ್ರಿಕೆ, ಮೇಲೆ ಬೇರು. ಹುಳ ಬಾರದಿರಲೆಂದು ಡಬ್ಬದೊಳಗೆ ನುಸಿಗುಳಿಗೆಯನ್ನು ಮಾತ್ರ ಹಾಕಬೇಡಿ. ನ್ಯಾಫ್ತಲೀನ್‌ನ ಆವಿ ಫೋಮನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಒಣಗಿದ ಬೇವಿನೆಲೆ, ನಾಲ್ಕು ಲವಂಗ ಕಟ್ಟಿದ ಬಟ್ಟೆಯ ಗಂಟು ಸಾಕು, ಅದನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು.