ಮೂಳೆ ನೋಡಿ ಬಟ್ಟೆ, ಮಾಂಸ ನೋಡಿ ಊಟ: ಟೈಲರ್ ಒಬ್ಬನ ಟಿಪ್ಪಣಿ

ನಾನು ಗಂಡಸರ ಬಟ್ಟೆ ಹೊಲಿಯುವ ಟೈಲರ್. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹೆಚ್ಚಿನವರು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಬೇಕಂತಲೇ ಅಲ್ಲ, ತಾನಾಗಿ ಆಗಿಬಿಡುತ್ತದೆ. ಆಗ ನಾನು ಏನೂ ಹೇಳುವುದಿಲ್ಲ. "ಹಿಂದೆ ಎರಡು ಜೇಬು ಬೇಕಾ, ಒಂದು ಸಾಕಾ?" ಎಂದು ಕೇಳುತ್ತೇನೆ. ಉತ್ತರ ಕೊಡಬೇಕಾದರೆ ಉಸಿರು ಬಿಡಲೇಬೇಕಲ್ಲ. ಹೊಟ್ಟೆ ತನ್ನ ಜಾಗಕ್ಕೆ ಬರುತ್ತದೆ, ನಾನು ಅಳತೆ ಓದಿಕೊಳ್ಳುತ್ತೇನೆ.

ಎಳೆದುಕೊಂಡ ಹೊಟ್ಟೆಯ ಅಳತೆಗೆ ಹೊಲಿದ ಪ್ಯಾಂಟು ಕೂತಾಗ ಕಚ್ಚುತ್ತದೆ. ಅದೇ ಅಳತೆ ನಂಬಿಕೊಂಡು ಊಟ, ವ್ಯಾಯಾಮ ಲೆಕ್ಕ ಹಾಕಿದರೂ ಕೆಡುತ್ತದೆ. ಹಾಗಾಗಿ ಮೊದಲು ನಿಮ್ಮ ಮೈ ಹೇಗಿದೆ ಅಂತ ಸರಿಯಾಗಿ ತಿಳಿದುಕೊಳ್ಳೋಣ.

ಜಿಮ್‌ಗೆ ಹೋಗುವವರಿಗೆ ಮೂರು ಹೆಸರು ಬಾಯಿಪಾಠ. ಎಕ್ಟೋಮಾರ್ಫ್ ಅಂದರೆ ಸಣಕಲು, ಮೆಸೋಮಾರ್ಫ್ ಅಂದರೆ ಕಟ್ಟುಮಸ್ತು, ಎಂಡೋಮಾರ್ಫ್ ಅಂದರೆ ದುಂಡಗಿನ ಮೈ. 1940ರ ದಶಕದಲ್ಲಿ ಇದನ್ನು ಚಾಲ್ತಿಗೆ ತಂದವರು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ. ಮೈಕಟ್ಟು ನೋಡಿ ಸ್ವಭಾವ ಹೇಳಬಹುದು ಎಂದೂ ಅವರು ವಾದಿಸಿದ್ದರು. ಆ ಮಾತಿಗೆ ಈಗ ವಿಜ್ಞಾನದಲ್ಲಿ ಬೆಲೆ ಇಲ್ಲ. ಆದರೆ ಒಂದು ವಿಷಯ ಜನ ಮರೆಯುತ್ತಾರೆ. ಶೆಲ್ಡನ್ ಕೂಡ ಯಾರನ್ನೂ ಒಂದೇ ಗುಂಪಿಗೆ ತಳ್ಳಿರಲಿಲ್ಲ. ಪ್ರತಿಯೊಬ್ಬನಿಗೂ ಮೂರೂ ಗುಣಕ್ಕೆ 1ರಿಂದ 7ರವರೆಗೆ ಅಂಕ ಕೊಡುತ್ತಿದ್ದರು. 1967ರಲ್ಲಿ ಬಾರ್ಬರಾ ಹೀತ್ ಮತ್ತು ಲಿಂಡ್ಸೆ ಕಾರ್ಟರ್ ಈ ಪದ್ಧತಿಯನ್ನು ತಿದ್ದಿದರು. ಚರ್ಮದ ಮಡಿಕೆಯ ದಪ್ಪ, ಮೂಳೆಯ ಅಗಲ, ತೋಳಿನ ಸುತ್ತಳತೆ ಇವನ್ನೆಲ್ಲ ಅಳೆದು ಅಂಕ ಕೊಡುವ ವಿಧಾನ ಅದು. ಊಟ, ವ್ಯಾಯಾಮ ಬದಲಾದರೆ ಆ ಅಂಕವೂ ಬದಲಾಗುತ್ತದೆ. "ನಾನು ಎಂಡೋಮಾರ್ಫ್ ಸಾರ್, ನನ್ನ ಹಣೆಬರಹ ಇಷ್ಟೇ" ಎನ್ನುವವರು ಇದನ್ನು ಗಮನಿಸಬೇಕು.

ನನ್ನ ಮಟ್ಟಿಗೆ ಮೈಯಲ್ಲಿ ಇರುವುದು ಎರಡೇ ಭಾಗ. ಮೂಳೆ ಒಂದು, ಅದರ ಮೇಲಿನ ಮಾಂಸ-ಕೊಬ್ಬು ಇನ್ನೊಂದು. ಭುಜದ ಮೂಳೆಯ ಅಗಲ, ಮುಂಡದ ಉದ್ದ, ಕಾಲಿನ ಉದ್ದ, ಮಣಿಕಟ್ಟಿನ ದಪ್ಪ ಇವು ಬೆಳೆದ ಮೇಲೆ ಬದಲಾಗುವುದಿಲ್ಲ. ಅದಕ್ಕೆ ಬಟ್ಟೆಯೇ ಔಷಧಿ. ಎದೆ, ಹೊಟ್ಟೆ, ತೊಡೆ, ತೋಳು ಬದಲಾಗುತ್ತವೆ. ಅದಕ್ಕೆ ಊಟ ಮತ್ತು ವ್ಯಾಯಾಮ. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ. ಹೊಟ್ಟೆಯನ್ನು ಬಟ್ಟೆಯಲ್ಲಿ ಮುಚ್ಚಲು ನೋಡುತ್ತಾರೆ, ಕಿರಿದಾದ ಭುಜದ ಬಗ್ಗೆ ಸುಮ್ನೆ ಕೊರಗುತ್ತಾರೆ.

ಅಳತೆ ತೆಗೆಯುವುದು

ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಅಳೆಯಿರಿ. ಬಟ್ಟೆ ಅಳೆಯುವ ಮೆತ್ತನೆ ಟೇಪೇ ಬೇಕು. ಅದು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಭುಜವನ್ನು ನೀವೇ ಅಳೆದುಕೊಳ್ಳಲು ಆಗುವುದಿಲ್ಲ, ಮನೆಯವರ ಹತ್ತಿರ ಹೇಳಿ. ಕೈ ಸ್ವಲ್ಪ ಎತ್ತಿದರೆ ಭುಜದ ತುದಿಯಲ್ಲಿ ಒಂದು ಗುಳಿ ಬೀಳುತ್ತದೆ. ಆ ಗುಳಿಯ ಪಕ್ಕದ ಮೂಳೆಯಿಂದ ಬೆನ್ನಿನ ಮೇಲೆ ಹಾದು ಆ ಕಡೆಯ ಮೂಳೆಯವರೆಗೆ ಅಳೆಯಬೇಕು. ಎದೆಯನ್ನು ಮೊಲೆತೊಟ್ಟಿನ ನೇರಕ್ಕೆ, ಕೈ ಕೆಳಗೆ ಬಿಟ್ಟು ಅಳೆಯಿರಿ. ಹೊಟ್ಟೆಯನ್ನು ಹೊಕ್ಕಳಿನ ನೇರಕ್ಕೆ, ಉಸಿರು ಸಹಜವಾಗಿ ಬಿಟ್ಟ ಮೇಲೆ. ಆಮೇಲೆ ಸೀಟು ಅಂದರೆ ಪೃಷ್ಠದ ಸುತ್ತಳತೆ, ತೊಡೆಯ ಮೇಲ್ಭಾಗ, ತೋಳಿನ ನಡುಭಾಗ. ಟೇಪು ಹಿಂದೆ ಜಾರಿ ಕೆಳಗಿಳಿದಿರುತ್ತದೆ, ಕನ್ನಡಿಗೆ ಪಕ್ಕಕ್ಕೆ ನಿಂತು ನೋಡಿಕೊಳ್ಳಿ.

ಮೊದಲು ನೋಡಬೇಕಾದದ್ದು ಎತ್ತರ ಮತ್ತು ಹೊಟ್ಟೆ. ಹೊಕ್ಕಳಿನ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 5 ಅಡಿ 8 ಇಂಚು ಅಂದರೆ 68 ಇಂಚು, ಅದರ ಅರ್ಧ 34. ಇದು ಟೈಲರ್ ಲೆಕ್ಕ ಅಲ್ಲ, ಆರೋಗ್ಯದ ಲೆಕ್ಕ. ಇಲ್ಲಿ ಪ್ಯಾಂಟಿನ ಸೈಜ್ ನಂಬಬೇಡಿ. "ಕಾಲೇಜಿನಿಂದ ನನ್ನದು 32 ಸೈಜೇ" ಎಂದು ಹೆಮ್ಮೆಯಿಂದ ಹೇಳುವವರು ಬರುತ್ತಾರೆ. ಪ್ಯಾಂಟು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೆಳಗಿಳಿದಿರುತ್ತದೆ, ಹೊಟ್ಟೆ ಬೆಲ್ಟಿನ ಮೇಲೆ ಕೂತಿರುತ್ತದೆ. ಹೊಕ್ಕಳಿನ ಹತ್ತಿರ ಟೇಪು ಇಟ್ಟರೆ 38. ಜೊತೆಗೆ, ರೆಡಿಮೇಡ್ ಪ್ಯಾಂಟಿನಲ್ಲಿ 32 ಎಂದು ಬರೆದಿದ್ದರೂ ನಿಜವಾಗಿ ಅಳೆದರೆ ಒಂದೆರಡು ಇಂಚು ಜಾಸ್ತಿ ಇರುವುದು ಸಾಮಾನ್ಯ. ಗಿರಾಕಿ ಖುಷಿಯಾಗಿರಲಿ ಅಂತ.

ಎರಡನೆಯದು ಎದೆ ಮತ್ತು ಹೊಟ್ಟೆಯ ವ್ಯತ್ಯಾಸ. ನಮ್ಮ ಕೆಲಸದಲ್ಲಿ ಇದನ್ನು ಡ್ರಾಪ್ ಎನ್ನುತ್ತೇವೆ. ರೆಡಿಮೇಡ್ ಸೂಟುಗಳು ಸಾಮಾನ್ಯವಾಗಿ 6 ಇಂಚಿನ ಡ್ರಾಪ್ ಇಟ್ಟುಕೊಂಡು ಬರುತ್ತವೆ. ಅಂದರೆ ಎದೆ 40 ಆದರೆ ಪ್ಯಾಂಟಿನ ಸೊಂಟ 34. ನಿಮ್ಮ ವ್ಯತ್ಯಾಸ 8 ದಾಟಿದ್ದರೆ ವ್ಯಾಯಾಮದ ಮೈ. 3-4ಕ್ಕೆ ಇಳಿದಿದ್ದರೆ ಹೊಟ್ಟೆ ಬರುತ್ತಿದೆ ಎಂದರ್ಥ. ಎದೆ ಚಿಕ್ಕದಿದ್ದು ವ್ಯತ್ಯಾಸ ಕಡಿಮೆ ಇರುವವರ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಸಣಕಲು ಮೈ

"ಎಷ್ಟು ತಿಂದರೂ ಮೈಗೆ ಹತ್ತಲ್ಲ" ಎನ್ನುವುದು ಪೂರ್ತಿ ಸುಳ್ಳಲ್ಲ. 1999ರಲ್ಲಿ ಜೇಮ್ಸ್ ಲಿವೈನ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. 16 ಜನರಿಗೆ 8 ವಾರ, ದಿನಕ್ಕೆ 1000 ಕ್ಯಾಲೊರಿ ಹೆಚ್ಚು ಊಟ ಕೊಟ್ಟರು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ 4 ಕಿಲೋ ದಾಟಿತು. ವ್ಯತ್ಯಾಸಕ್ಕೆ ದೊಡ್ಡ ಕಾರಣ ವ್ಯಾಯಾಮ ಅಲ್ಲ. ಕೂತಲ್ಲಿ ಕಾಲು ಅಲ್ಲಾಡಿಸುವುದು, ಎದ್ದು ಓಡಾಡುವುದು, ಸುಮ್ಮನೆ ನಿಂತಿರುವುದು ಇಂಥ ಚಿಕ್ಕಪುಟ್ಟ ಚಲನೆ. ಕೆಲವರ ಮೈ ಜಾಸ್ತಿ ತಿಂದಷ್ಟೂ ಜಾಸ್ತಿ ಅಲ್ಲಾಡುತ್ತದೆ. ಅಳತೆಗೆ ನಿಲ್ಲಿಸಿದರೆ ಇವರು ಒಂದು ನಿಮಿಷ ನೆಟ್ಟಗೆ ನಿಲ್ಲುವುದಿಲ್ಲ, ನಾನು ದಿನಾ ನೋಡುತ್ತೇನೆ.

ಇಂಥವರು ಹಸಿವಾದಾಗ ಅಲ್ಲ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಈಗಿನ ಊಟದ ಮೇಲೆ ದಿನಕ್ಕೆ 300 ಕ್ಯಾಲೊರಿ ಸೇರಿಸಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಶೇಂಗಾ ಇಷ್ಟಕ್ಕೇ ಅಷ್ಟು ದಾಟುತ್ತದೆ. ಎರಡು ವಾರ ತೂಕ ಏರದಿದ್ದರೆ ಇನ್ನೊಂದಿಷ್ಟು ಸೇರಿಸಿ. ವ್ಯಾಯಾಮದಲ್ಲಿ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಭಾರ ಮೇಲಕ್ಕೆ ತಳ್ಳುವುದು), ರೋ (ಭಾರವನ್ನು ಮೈ ಕಡೆಗೆ ಎಳೆಯುವುದು), ಪುಲ್-ಅಪ್ (ಕಂಬಿಗೆ ನೇತು ಮೈ ಮೇಲಕ್ಕೆಳೆಯುವುದು) ಸಾಕು. ಎತ್ತುವ ಭಾರ ಅಥವಾ ಎಣಿಕೆ ನಿಧಾನವಾಗಿ ಏರುತ್ತಿರಬೇಕು.

ಬಟ್ಟೆ ವಿಚಾರದಲ್ಲಿ ಸಣಕಲು ಮೈಯವರು ಎರಡು ತುದಿಗೆ ಹೋಗುತ್ತಾರೆ. ಮೈಗಂಟಿದ ಬಟ್ಟೆ ಹಾಕಿದರೆ ಮೂಳೆ ಎದ್ದು ಕಾಣುತ್ತದೆ. ದೊಗಳೆ ಹಾಕಿದರೆ ಹ್ಯಾಂಗರ್‌ಗೆ ಅಂಗಿ ತೂಗುಹಾಕಿದಂತೆ ಕಾಣುತ್ತದೆ. ಭುಜ ಸರಿಯಾಗಿ ಕೂತು, ಎದೆಯಲ್ಲಿ 4 ಇಂಚಿನಷ್ಟು ಸಡಿಲ ಇದ್ದರೆ ಚೆಂದ. ಬಟ್ಟೆ ಸ್ವಲ್ಪ ದಪ್ಪ ಇರಲಿ. ಆಕ್ಸ್‌ಫರ್ಡ್ ಕಾಟನ್, ಡೆನಿಮ್, ಕಾರ್ಡುರಾಯ್ ತಾವೇ ಆಕಾರ ಹಿಡಿದು ನಿಲ್ಲುತ್ತವೆ. ಟೀ ಶರ್ಟಿನ ಮೇಲೆ ಗುಂಡಿ ಬಿಚ್ಚಿದ ಶರ್ಟ್ ಹಾಕುವುದು ಇವರಿಗೆ ಒಪ್ಪುವಷ್ಟು ಬೇರೆ ಯಾರಿಗೂ ಒಪ್ಪುವುದಿಲ್ಲ. ಕಾಲರ್ ಅತಿ ಅಗಲ ಬೇಡ, ಕತ್ತು ಇನ್ನೂ ಸಣ್ಣದಾಗಿ ಕಾಣುತ್ತದೆ.

ಕೈಕಾಲು ಸಣ್ಣ, ಹೊಟ್ಟೆ ದಪ್ಪ

ನನ್ನ ಹತ್ತಿರ ಹೆಚ್ಚಾಗಿ ಬರುವ ಮೈ ಇದು. ಮೂರು ಹೆಸರುಗಳ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ ನೋಡಿ. ತೋಳು 11 ಇಂಚು, ಎದೆ 37, ಹೊಟ್ಟೆ 36. ತೂಕ ನೋಡಿದರೆ ಸರಿಯಾಗೇ ಇದೆ. ಶರ್ಟ್ ಹಾಕಿ ಎದುರಿಗೆ ನಿಂತರೆ ಸಣ್ಣ, ಪಕ್ಕಕ್ಕೆ ತಿರುಗಿದರೆ ಹೊಟ್ಟೆ.

ಇವರು ಮಾಡುವ ಮೊದಲ ಕೆಲಸ ಊಟ ಬಿಡುವುದು, ಎರಡನೆಯದು ಸಿಟ್-ಅಪ್. ಎರಡೂ ಉಪಯೋಗಕ್ಕೆ ಬರುವುದಿಲ್ಲ. ಒಂದು ಜಾಗದ ಸ್ನಾಯುವನ್ನು ದುಡಿಸಿದ ಮಾತ್ರಕ್ಕೆ ಅದೇ ಜಾಗದ ಕೊಬ್ಬು ಕರಗುವುದಿಲ್ಲ. ಸುಮ್ನೆ ಊಟ ಬಿಟ್ಟರೆ ಹೊಟ್ಟೆಯ ಜೊತೆ ಇರುವ ಸ್ವಲ್ಪ ಸ್ನಾಯುವೂ ಹೋಗುತ್ತದೆ. ಮೊದಲೇ ಸಣ್ಣಗಿದ್ದ ತೋಳು ಇನ್ನೂ ಸಣ್ಣ ಆಗುತ್ತದೆ.

ಇವರಿಗೆ ಬೇಕಾದದ್ದು ಪ್ರೋಟೀನ್ ಮತ್ತು ಭಾರ. ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಒಳ್ಳೆ ಗುರಿ. 70 ಕಿಲೋ ಇದ್ದರೆ ಸುಮಾರು 110 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿಯ ಎದೆ ಮಾಂಸದಲ್ಲಿ ಸುಮಾರು 30 ಗ್ರಾಂ. ಮಾಂಸ ತಿನ್ನದವರು ಕಾಳು, ಮೊಸರು, ಪನೀರ್, ಸೋಯಾ ಸೇರಿಸಿಕೊಂಡು ಲೆಕ್ಕ ತುಂಬಿಸಬೇಕು. ಸ್ವಲ್ಪ ಕಷ್ಟ, ಆದರೆ ಆಗುತ್ತದೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬಾರದು.

ಮೊದಮೊದಲು ತೂಕದ ಯಂತ್ರ ಇವರಿಗೆ ಮೋಸ ಮಾಡುತ್ತದೆ. ಹೊಸದಾಗಿ ವ್ಯಾಯಾಮ ಶುರು ಮಾಡಿದವರಲ್ಲಿ ಕೊಬ್ಬು ಇಳಿಯುವುದೂ ಸ್ನಾಯು ಬೆಳೆಯುವುದೂ ಒಟ್ಟಿಗೆ ನಡೆಯಬಹುದು. ತೂಕ ಅಲ್ಲೇ ನಿಂತಿರುತ್ತದೆ, ಟೇಪು ಮಾತ್ರ ಬದಲಾವಣೆ ತೋರಿಸುತ್ತದೆ. ಸಂಜೆ ಜಿಮ್‌ನಲ್ಲಿ ನನ್ನ ಗಿರಾಕಿಗಳೇ ಸಿಗುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ಹೊಟ್ಟೆಯನ್ನು ಬಿಡಿ, ಭುಜದ ಪಕ್ಕದ ಸ್ನಾಯು ಮತ್ತು ಬೆನ್ನಿನ ಮೇಲ್ಭಾಗ ಬೆಳೆಸಿ. ಡಂಬೆಲ್ ಹಿಡಿದು ಕೈ ಪಕ್ಕಕ್ಕೆ ಎತ್ತುವುದು, ತಲೆ ಮೇಲೆ ಭಾರ ಎತ್ತುವುದು, ರೋ, ಪುಲ್-ಅಪ್. ಮೂಳೆ ಅಗಲ ಆಗದಿದ್ದರೂ ಅದರ ಮೇಲಿನ ಮಾಂಸ ಒಂದು ಇಂಚು ಬಂದರೆ ಹೊಟ್ಟೆ ಎರಡು ಇಂಚು ಇಳಿದ ಹಾಗೆ ಕಾಣುತ್ತದೆ.

ಇವರಿಗೆ ಶರ್ಟ್ ಹೊಲಿಯುವಾಗ ಭುಜಕ್ಕೆ ಅಳತೆ ಹಿಡಿದು, ಹೊಟ್ಟೆಗೆ ಜಾಗ ಬಿಟ್ಟು, ಹಿಂದೆ ಎರಡು ಡಾರ್ಟ್, ಅಂದರೆ ಬಟ್ಟೆ ಮಡಿಸಿ ಹಿಡಿದ ಚೂಪು ಹೊಲಿಗೆ, ಹಾಕುತ್ತೇನೆ. ಬೆನ್ನಿನ ಹೆಚ್ಚುವರಿ ಬಟ್ಟೆ ಹೋಗುತ್ತದೆ, ಮುಂದೆ ಬಿಗಿಯುವುದಿಲ್ಲ. ರೆಡಿಮೇಡ್ ಕೊಂಡರೂ ಇದೇ ಆಲ್ಟರೇಶನ್ ಮಾಡಿಸಿ.

ಒಟ್ಟಾರೆ ದಪ್ಪ ಮೈ

ಇಲ್ಲಿ ಊಟದ ಲೆಕ್ಕ ಸರಳ, ಪಾಲಿಸುವುದು ಕಷ್ಟ. ವಾರಕ್ಕೆ ದೇಹದ ತೂಕದ ಅರ್ಧದಿಂದ ಒಂದು ಪರ್ಸೆಂಟ್ ಇಳಿಸಿದರೆ ಸಾಕು. 90 ಕಿಲೋ ಇದ್ದರೆ 450ರಿಂದ 900 ಗ್ರಾಂ. ಎಣ್ಣೆಯ ಮೇಲೆ ಕಣ್ಣಿಡಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್‌ನಲ್ಲಿ 4. ಮದ್ಯದಲ್ಲಿ 7, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ದಿನಾ ನಡೆಯಿರಿ, ವಾರಕ್ಕೆ ಎರಡು-ಮೂರು ದಿನ ಭಾರವನ್ನೂ ಎತ್ತಿ. ದಪ್ಪ ಇರುವವರಿಗೆ ಸಾಮಾನ್ಯವಾಗಿ ಕಾಲಿನ ಶಕ್ತಿ ಚೆನ್ನಾಗಿರುತ್ತದೆ. ಸ್ಕ್ವಾಟ್‌ನಲ್ಲಿ ಬೇಗ ಮುಂದೆ ಹೋಗುತ್ತಾರೆ, ಅದೇ ಒಂದು ಉತ್ಸಾಹ.

ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಬೇಡಿ. ಹೊಕ್ಕಳಿನ ಹತ್ತಿರ ನಿಲ್ಲುವಂತೆ ರೈಸ್ (ಕಾಲು ಸೇರುವ ಜಾಗದಿಂದ ಸೊಂಟದ ಪಟ್ಟಿಯವರೆಗಿನ ಅಳತೆ) ಉದ್ದ ಇಟ್ಟು ಹೊಲಿಸಿ, ಮುಂದೆ ಒಂದು ಪ್ಲೀಟ್ ಅಂದರೆ ನೆರಿಗೆ ಕೊಡಿಸಿ. ಕಾಲು ಉದ್ದ ಕಾಣುತ್ತದೆ, ಹೊಟ್ಟೆ ಎರಡು ತುಂಡಾಗಿ ಕಾಣುವುದಿಲ್ಲ. ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗುತ್ತದೆ. "ಹಳೇ ಕಾಲದವರ ತರ ಆಗುತ್ತೆ" ಅನ್ನುತ್ತಾರೆ. ಟ್ರಯಲ್‌ನಲ್ಲಿ ಹಾಕಿ ಪಕ್ಕದಿಂದ ನೋಡಿದ ಮೇಲೆ ಮಾತಾಡುವುದಿಲ್ಲ. ಹೊಳೆಯುವ ಬಟ್ಟೆ ಬೇಡ, ಬೆಳಕು ಉಬ್ಬಿದ ಕಡೆಯೇ ಬೀಳುತ್ತದೆ. ಅಡ್ಡಗೆರೆ ಹಾಕಿದರೆ ದಪ್ಪ ಕಾಣುತ್ತದೆ ಎಂಬ ಮಾತಿದೆ ಅಲ್ವಾ, ಅದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ. ಅಡ್ಡಗೆರೆ ತುಂಬಿದ ಚೌಕ ಇನ್ನೂ ಎತ್ತರವಾಗಿ ಕಾಣುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದರು. ಗೆರೆಗಿಂತ ಫಿಟಿಂಗ್ ಮುಖ್ಯ.

ಕಟ್ಟುಮಸ್ತಿನವರ ಬಗ್ಗೆ ಹೇಳುವುದು ಕಡಿಮೆ. ಮೈಯ ದೊಡ್ಡ ಭಾಗಕ್ಕೆ ಸರಿಯಾಗುವ ಬಟ್ಟೆ ಕೊಂಡು ಉಳಿದದ್ದನ್ನು ಹಿಡಿಸಿ. ಪ್ಯಾಂಟು ತೊಡೆಗೆ, ಶರ್ಟು ಎದೆಗೆ. ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತಿದ್ದರೆ ಅದು ಬಿಗಿ, ಸ್ಟೈಲ್ ಅಲ್ಲ.

ನಿಲುವು, ಭುಜ, ಮಾರ್ಜಿನ್

ಯಾವ ಮೈಯೇ ಇರಲಿ, ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ಕೂರಬೇಕು. ಬಹಳ ಜನರಿಗೆ ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ಇಳಿದಿರುತ್ತದೆ, ಗಾಬರಿಯಾಗಬೇಡಿ. ಕೋಟಿನಲ್ಲಿ ಆ ಕಡೆ ಸ್ವಲ್ಪ ದಪ್ಪ ಪ್ಯಾಡ್ ಇಟ್ಟರೆ ಗೊತ್ತಾಗುವುದಿಲ್ಲ. ಕೋಟಿನ ಕಾಲರ್ ಹಿಂದಿನಿಂದ ಕತ್ತು ಬಿಟ್ಟು ನಿಂತಿದ್ದರೆ ಬೆನ್ನು ಬಾಗಿರುವ ಸಾಧ್ಯತೆ ಜಾಸ್ತಿ. ಕಾಲರ್ ಕೆಳಗೆ ಬಟ್ಟೆ ಅಡ್ಡ ಮಡಿಕೆ ಬಿದ್ದರೆ ನೀವು ಎದೆ ಸೆಟೆದು ನಿಲ್ಲುವವರು, ಇಲ್ಲವೇ ನಿಮ್ಮ ಭುಜ ಇಳಿಜಾರಿಲ್ಲದ ಚೌಕದ್ದು. ಬಾಗಿದ ಬೆನ್ನಿಗೆ ರೋ ಮಾಡುವುದು ಒಳ್ಳೆಯದು. ಅಷ್ಟರವರೆಗೆ ಈಗಿರುವ ಬೆನ್ನಿಗೇ ಕತ್ತರಿಸಲು ಟೈಲರ್‌ಗೆ ಬಿಡಿ. ಅಳತೆ ಕೊಡುವಾಗ ಮಿಲಿಟರಿಯವರ ಹಾಗೆ ನಿಲ್ಲಬೇಡಿ.

ತೂಕ ಇಳಿಸುತ್ತಿದ್ದೀರಾ, ಏರಿಸುತ್ತಿದ್ದೀರಾ ಎಂದು ಟೈಲರ್‌ಗೆ ಮೊದಲೇ ಹೇಳಿ. ಏರಿಸುವವರಿಗೆ ಒಳಗೆ ಮಾರ್ಜಿನ್ ಜಾಸ್ತಿ ಬಿಡುತ್ತೇವೆ, ಆಮೇಲೆ ಬಿಚ್ಚಿ ಅಗಲ ಮಾಡಬಹುದು. ಇಳಿಸುವವರ ಪ್ಯಾಂಟಿನ ಸೊಂಟವನ್ನು 2 ಇಂಚಿನವರೆಗೆ ಹಿಡಿಯಬಹುದು. ಅದಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನ ಜೇಬುಗಳು ಒಂದಕ್ಕೊಂದು ಹತ್ತಿರ ಬಂದು ವಿಚಿತ್ರವಾಗಿ ಕಾಣುತ್ತದೆ. ಕೋಟಿನ ಭುಜ ಚಿಕ್ಕದು ಮಾಡುವುದು ದೊಡ್ಡ ಕೆಲಸ, ಕೂಲಿಯೂ ಜಾಸ್ತಿ. ಹಾಗಾಗಿ ತೂಕ ಬದಲಾಗುತ್ತಿರುವಾಗ ಎರಡು ಪ್ಯಾಂಟು, ಮೂರು ಶರ್ಟಿನಲ್ಲಿ ಕಾಲ ಹಾಕಿ. ಕೋಟನ್ನು ಹೊಕ್ಕಳಿನ ಅಳತೆ ಎರಡು ತಿಂಗಳು ಒಂದೇ ಕಡೆ ನಿಂತ ಮೇಲೆ ಹೊಲಿಸಿ.