ಮೈ ಉರಿಯುತ್ತಿದೆಯಾ? ಮೊದಲು ಉಜ್ಜುವುದನ್ನು ನಿಲ್ಲಿಸಿ

ಕಂಬಳಿಹುಳ ತಾಗಿತು ಅಂದರೆ ಸಾಕು, ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜಲು ಶುರುಮಾಡುತ್ತದೆ, ಅಲ್ವಾ? ಅರ್ಧ ತೊಂದರೆ ಆಗುವುದು ಅದರಿಂದಲೇ. ಮೈಮೇಲೆ ಉಳಿದಿರುವುದು ರೋಮವೋ, ಸೊನೆಯೋ, ಮುಳ್ಳೋ ಅಂತ ಮೊದಲು ನೋಡಿ.

ಅದಕ್ಕೂ ಮುಂಚೆ ಒಂದು ಮಾತು. ಉಸಿರಾಟಕ್ಕೆ ಕಷ್ಟವಾದರೆ, ತುಟಿ-ನಾಲಿಗೆ ಊದಿದರೆ, ತಲೆ ಸುತ್ತಿದರೆ ಮನೆಮದ್ದು ಬಿಟ್ಟು ತಕ್ಷಣ ಆಂಬುಲೆನ್ಸ್ ಕರೆಸಿ.

ಕಂಬಳಿಹುಳ, ನಸುಗುನ್ನಿ ಕಾಯಿ ಎರಡರದ್ದೂ ರೋಮದ ಕಾಟ. ಅಗಲವಾದ ಅಂಟುಟೇಪಿನ ತುಂಡನ್ನು ಮೆಲ್ಲಗೆ ಒತ್ತಿ, ಎತ್ತಿ. ಟೇಪನ್ನು ಬೆಳಕಿಗೆ ಹಿಡಿದು ನೋಡಿ, ಸಿಕ್ಕಿಕೊಂಡ ರೋಮ ಕಾಣುತ್ತದೆ. ಪ್ರತಿ ಸಲ ಹೊಸ ತುಂಡು ಬಳಸಿ. ಆಮೇಲೆ ಸೋಪು ಹಾಕಿ ತೊಳೆದು, ಬಟ್ಟೆ ಬದಲಿಸಿ. ಕಣ್ಣಿಗೆ ಹೋಗಿದ್ದರೆ ಸೀದಾ ಡಾಕ್ಟರ ಹತ್ತಿರ ಹೋಗಿ.

ಸೊನೆಯ ಕಥೆ ಬೇರೆ. ಮಾವು, ಗೇರು, ಮತ್ತೆ ಅಮೆರಿಕದ ಕಡೆ ಬೆಳೆಯುವ ಪಾಯಿಸನ್ ಐವಿ ಅನ್ನೋ ತುರಿಕೆ ಬಳ್ಳಿ, ಈ ಮೂರೂ ಒಂದೇ ಕುಟುಂಬದ ಗಿಡಗಳು. ತಾಗಿದ ಕೂಡಲೇ ಸೋಪಿನಿಂದ ತೊಳೆಯಬೇಕು, ತಡವಾದಷ್ಟೂ ಉಪಯೋಗ ಕಮ್ಮಿ. ಅಲರ್ಜಿ ಇರುವವರಿಗೆ ಗುಳ್ಳೆ ಏಳುವುದು ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಗಿಡ ಮುಟ್ಟಿದ್ದೇ ಮರೆತಿರುತ್ತೇವೆ! ಗುಳ್ಳೆಯ ನೀರಿನಿಂದ ಅದು ಹರಡುವುದಿಲ್ಲ. ಉಗುರಿನ ಸಂದಿ, ಕತ್ತಿಯ ಹಿಡಿ, ಅಂಗಿಯ ತೋಳಿನಲ್ಲಿ ಉಳಿದ ಸೊನೆಯಿಂದ ಹರಡುತ್ತದೆ. ಅವನ್ನೂ ತೊಳೆಯಿರಿ.

ಜೇನುನೊಣ ಕಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಲೇ ಇರುತ್ತದೆ. ಹೇಗೆ ಕೀಳಬೇಕು ಅಂತ ಯೋಚಿಸುತ್ತಾ ಕೂರಬೇಡಿ, ಬೇಗ ಕಿತ್ತುಹಾಕಿ, ತಣ್ಣನೆ ಬಟ್ಟೆ ಒತ್ತಿ.

ನನ್ನ ಪ್ರಕಾರ ಎಲ್ಲರಿಗಿಂತ ಹೆಚ್ಚು ಮೋಸ ಮಾಡುವುದು ಪೆಡೆರಸ್ ಅನ್ನೋ ಪುಟ್ಟ ಹುಳ. ಇರುವೆಯಂತೆ ಉದ್ದ, ಮೈಮೇಲೆ ಕಪ್ಪು-ಕಿತ್ತಳೆ ಪಟ್ಟೆ, ರಾತ್ರಿ ದೀಪಕ್ಕೆ ಬರುತ್ತದೆ. ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಕುತ್ತಿಗೆ ಮೇಲೆ ಕೂತಾಗ ನಾವು ಪಟ್ ಅಂತ ಹೊಡೆದು ಅರೆದುಬಿಡುತ್ತೇವೆ, ಒಳಗಿನ ಪೆಡೆರಿನ್ ವಿಷ ಚರ್ಮಕ್ಕೆ ಬಳಿದುಕೊಳ್ಳುತ್ತದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಬಾಸುಂಡೆಯಂಥ ಕೆಂಪು ಗೆರೆ, ಆಮೇಲೆ ನೀರುಗುಳ್ಳೆ. ಮೊಣಕೈ ಮಡಿಕೆಯಲ್ಲಾದರೆ ಮೇಲೊಂದು, ಕೆಳಗೊಂದು ಅಚ್ಚೊತ್ತಿದಂತೆ ಜೋಡಿ ಗಾಯ. ಹುಳ ಕಂಡರೆ ಸುಮ್ನೆ ಉಫ್ ಅಂತ ಊದಿ, ಇಲ್ಲವೇ ಕಾಗದಕ್ಕೆ ಹತ್ತಿಸಿ ಬಿಡಿ. ಅರೆದಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬೇಡಿ.

ಸಮುದ್ರದಲ್ಲಿ ಜೆಲ್ಲಿಫಿಶ್ ತಾಗಿದರೆ ಮೊದಲು ನೀರಿನಿಂದ ಹೊರಗೆ ಬನ್ನಿ. ಸಮುದ್ರದ ನೀರಿನಿಂದಲೇ ತೊಳೆಯಿರಿ, ಸಿಹಿನೀರು ತಾಗಿದರೆ ಚರ್ಮಕ್ಕೆ ಅಂಟಿದ ಕುಟುಕು ಕೋಶಗಳು ಮತ್ತೆ ಸಿಡಿಯಬಹುದು. ಮರಳಿನಿಂದ ಉಜ್ಜುವುದು ಬೇಡ. ಮೂತ್ರ ಹೊಯ್ಯುವ ಸಲಹೆ ಎಲ್ಲಿ ಹುಟ್ಟಿತೋ, ಅದೂ ಬೇಡ. ಅಂಟಿದ ಎಳೆಗಳನ್ನು ಚಿಮಟದಿಂದ ಎತ್ತಿ. ಆಮೇಲೆ ಸುಡದಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್, 20 ನಿಮಿಷವಾದರೂ ಅದ್ದಿಡಿ. ವಿನೆಗರ್ ಎಲ್ಲ ಜಾತಿಗೂ ಆಗಿಬರುವುದಿಲ್ಲ, ದಡದಲ್ಲಿರುವ ಜೀವರಕ್ಷಕರನ್ನು ಕೇಳಿ ಹಾಕಿ. ಅಂದಹಾಗೆ, ಸತ್ತು ದಡಕ್ಕೆ ಬಿದ್ದ ಜೆಲ್ಲಿಫಿಶ್ ಕೂಡ ಕುಟುಕುತ್ತದೆ. ಮಕ್ಕಳು ಅದನ್ನು ಕೋಲಲ್ಲಿ ಎತ್ತಿ ಆಡದಂತೆ ನೋಡಿಕೊಳ್ಳಿ.