ಖದರಿಗೂ ಘಟ್ಟಕ್ಕೂ ಒಪ್ಪುವ ಗಟ್ಟಿ ಗಾಡಿಯನ್ನು ಆರಿಸುವ ಬಗೆ

ಕಲಬುರಗಿ, ಯಾದಗಿರಿ, ಬೀದರ್ ಸೀಮೆಯಲ್ಲಿ ಎತ್ತರದ ಗಟ್ಟಿ ಗಾಡಿಯೊಂದನ್ನು ಕೊಳ್ಳುವುದು ಇಡೀ ಮನೆತನ ಕೂಡಿ ಮಾಡುವ ತೀರ್ಮಾನ. ಶರಣಬಸವೇಶ್ವರರ ಜಾತ್ರೆಯ ದಿನ ಗುಡಿಯ ರಸ್ತೆಯಲ್ಲಿ, ಎಪಿಎಂಸಿಯ ತೊಗರಿ ಅಡತಿಯ ಮುಂದೆ, ಬೀಗರ ಮನೆಯ ಅಂಗಳದಲ್ಲಿ ಅದು ನಿಂತಾಗ, ನೋಡುವವರು ಗಾಡಿಯ ಜೊತೆಗೆ ಅದರ ಒಡೆಯರನ್ನೂ ಅಳೆಯುತ್ತಾರೆ. ದುಡಿದ ಹಣದಲ್ಲಿ ಕೊಂಡ ವಸ್ತು ತನ್ನ ಗತ್ತನ್ನು ತೋರಿಸಲಿ ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಗಾಡಿಯಲ್ಲಿ ಯುಗಾದಿಗೆ ಶ್ರೀಶೈಲಕ್ಕೋ, ಮಕ್ಕಳ ರಜೆಗೆ ಚಿಕ್ಕಮಗಳೂರಿಗೋ ಹೋಗಬೇಕೆಂದಿದ್ದರೆ, ಖದರು ಕೊಡುವ ಗುಣ ಯಾವುದು, ಘಟ್ಟ ಹತ್ತಿಸಿ ಕ್ಷೇಮವಾಗಿ ಇಳಿಸುವ ಗುಣ ಯಾವುದು, ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ತಿಳಿದುಕೊಂಡಿರಬೇಕು.

ಶೋರೂಮಿಗೆ ಹೋಗುವ ಮುನ್ನ, ಬರುವ ಐದಾರು ವರ್ಷಗಳಲ್ಲಿ ಈ ಗಾಡಿ ಓಡಬೇಕಾದ ದಾರಿಗಳನ್ನು ಮನೆಯವರೊಡನೆ ಕುಳಿತು ಒಂದು ಹಾಳೆಯ ಮೇಲೆ ಬರೆಯಿರಿ. ನಮ್ಮದು ಬಯಲುಸೀಮೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೀದರ್ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಇನ್ನೂ 200 ಮೀಟರಿನಷ್ಟು ಮೇಲಿದೆ. ಚಿಂಚೋಳಿಯ ಕಾಡುಗುಡ್ಡಗಳನ್ನೂ ಶಹಾಪುರ, ಸುರಪುರಗಳ ಬಂಡೆಗುಡ್ಡಗಳನ್ನೂ ಬಿಟ್ಟರೆ ನಿಜವಾದ ಏರುದಾರಿ ನಮಗೆ ನಿತ್ಯ ಸಿಗುವುದಿಲ್ಲ. ಕಲಬುರಗಿಯಿಂದ ಮುಳ್ಳಯ್ಯನಗಿರಿಯ ಬುಡ ತಲುಪಲು 500 ಕಿಲೋಮೀಟರಿಗೂ ಮಿಕ್ಕು ಹೆದ್ದಾರಿಯಲ್ಲಿ ಓಡಬೇಕು. ಘಟ್ಟದ ಭಾಗ ಅದರಲ್ಲಿ ಚಿಕ್ಕದೊಂದು ತುಣುಕು. ಹೀಗಾಗಿ, ದಿನವಿಡೀ ಕುಳಿತರೂ ನಡು ನೋಯದ ಸೀಟು, ವೇಗದಲ್ಲಿ ಅತ್ತಿತ್ತ ಎಳೆಯದ ಸ್ಟೇರಿಂಗು, ಮೇ ತಿಂಗಳ ಬಿಸಿಲಿನಲ್ಲೂ ಹಿಂದಿನ ಸಾಲಿನವರೆಗೆ ತಂಪು ಮುಟ್ಟಿಸುವ ಎ.ಸಿ. ಇವು ಬೆಟ್ಟದ ಪ್ರಯಾಣಕ್ಕೆ ನಾಲ್ಕೂ ಚಕ್ರಗಳನ್ನು ಇಂಜಿನ್ನೇ ತಿರುಗಿಸುವ ಫೋರ್ ಬೈ ಫೋರ್‌ನಷ್ಟೇ ಮುಖ್ಯವಾದವು ಎಂದು ನಾನು ಬಲವಾಗಿ ನಂಬುತ್ತೇನೆ.

ಬರೆದ ದಾರಿಗಳು ಬಹುಮಟ್ಟಿಗೆ ಡಾಂಬರಿನ ಘಟ್ಟಗಳೇ ಆಗಿದ್ದರೆ, ಅಂದರೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳು, ಚಾರ್ಮಾಡಿ, ನಲ್ಲಮಲದ ನಡುವೆ ಶ್ರೀಶೈಲಕ್ಕೆ ಹೋಗುವ ರಸ್ತೆ, ಇಂಥವಾಗಿದ್ದರೆ, ನಾಲ್ಕೂ ಚಕ್ರ ಎಳೆಯುವ ಗಾಡಿ ಕಡ್ಡಾಯವಲ್ಲ. ನಮ್ಮ ಸಾರಿಗೆ ನಿಗಮದ ಬಸ್ಸುಗಳು ತುಂಬಿದ ಜನರೊಡನೆ ಹಿಂಚಕ್ರಗಳ ಬಲದಿಂದಲೇ ಶ್ರೀಶೈಲದ ಏರು ಹತ್ತುತ್ತವೆ. ಅಲ್ಲಿ ಬೇಕಾದುದು ಕಡಿಮೆ ವೇಗದಲ್ಲೂ ಎಳೆಯುವ ಇಂಜಿನ್, ಒಳ್ಳೆಯ ಬ್ರೇಕು ಮತ್ತು ಸವೆಯದ ಟಯರು. ಇನ್ನು ಮಡಿಕೇರಿ ಬಳಿಯ ಮಾಂದಲಪಟ್ಟಿಯಂಥ ಕಲ್ಲುದಾರಿ ವರ್ಷಕ್ಕೊಮ್ಮೆ ಮಾತ್ರ ನಿಮ್ಮ ಹಾಳೆಯಲ್ಲಿದ್ದರೆ, ಅಲ್ಲಿಯ ಬಾಡಿಗೆ ಜೀಪು ಹತ್ತುವುದೇ ಬುದ್ಧಿವಂತಿಕೆ. ಆ ದಾರಿಯ ಒಂದೊಂದು ಕಲ್ಲೂ ಆ ಚಾಲಕರಿಗೆ ಗೊತ್ತು. ಆದರೆ ಹಾಳೆಯಲ್ಲಿ ಕಾಫಿ ತೋಟದ ಮಣ್ಣಿನ ಏರು, ಹಿಮಾಚಲ, ಲಡಾಖ್, ಮಳೆಗಾಲದ ಹೊಲದ ದಾರಿ ಇವು ಮತ್ತೆ ಮತ್ತೆ ಬಂದರೆ, ಮುಂದಿನ ಮಾತು ನಿಮಗಾಗಿಯೇ ಇದೆ.

ನೋಡಲು ಗಟ್ಟಿಯಾಗಿರುವ ಗಾಡಿಗಳೆಲ್ಲವೂ ಒಂದೇ ಜಾತಿಯವಲ್ಲ. ಕ್ರೆಟಾ, ಹ್ಯಾರಿಯರ್, ಈಗಿನ ಸಫಾರಿ ಇವು ಎತ್ತರವಾಗಿ ಕಂಡರೂ ಮುಂಚಕ್ರಗಳಿಂದ ಎಳೆಯುವ, ಒಡಲೂ ಚೌಕಟ್ಟೂ ಒಂದೇ ಆಗಿರುವ ಗಾಡಿಗಳು. ಹೆದ್ದಾರಿಗೆ ಬಹಳ ಹಿತವಾದವು. ಬೊಲೆರೊ, ಸ್ಕಾರ್ಪಿಯೊ, ಥಾರ್, ಜಿಮ್ನಿ, ಗೂರ್ಖಾ, ಫಾರ್ಚುನರ್ ಇವು ಏಣಿಯ ಆಕಾರದ ಚಾಸಿಯ ಮೇಲೆ ಬಾಡಿ ಕೂರಿಸಿದವು; ಒಂದು ಚಕ್ರ ಮೇಲೆ, ಒಂದು ಚಕ್ರ ಗುಂಡಿಯಲ್ಲಿ ನಿಂತಾಗಲೂ ಒಡಲು ತಿರುಚಿಕೊಳ್ಳದೆ ತಾಳಿಕೊಳ್ಳುತ್ತವೆ. ಈ ಎರಡನೆಯ ಗುಂಪಿನಲ್ಲಿಯೂ ಒಂದೇ ಹೆಸರಿನ ಗಾಡಿ ಎರಡು ಬಗೆಯಲ್ಲಿ ಸಿಗುತ್ತದೆ. ಥಾರ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಫೋರ್ ಬೈ ಫೋರ್ ಆಗಿರಬೇಕೆಂದಿಲ್ಲ. ಹಿಂಚಕ್ರ ಮಾತ್ರ ಎಳೆಯುವ ಥಾರ್ 2023ರಿಂದಲೇ ಮಾರುಕಟ್ಟೆಯಲ್ಲಿದೆ. ಸ್ಕಾರ್ಪಿಯೊ ಎನ್ ಮತ್ತು ಥಾರ್ ರಾಕ್ಸ್‌ಗಳಲ್ಲಿ ಫೋರ್ ಬೈ ಫೋರ್ ಬೇಕೆಂದರೆ ಡೀಸೆಲ್ ಇಂಜಿನ್ನಿನ ಆಯ್ದ ಮಾದರಿಗಳನ್ನೇ ಕೇಳಬೇಕು. ಹಿಂಬದಿಯ ಬಾಗಿಲಿನ ಬಿಲ್ಲೆಯನ್ನು ನೋಡಿ ನಿರ್ಧರಿಸದೆ, ಗೇರಿನ ಪಕ್ಕದಲ್ಲಿ ಇನ್ನೊಂದು ಲಿವರ್ ಅಥವಾ ಗುಂಡಿ ಇದೆಯೇ, ಅದರಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ಲೋ ಗೇರು) ಎಂಬ ಗುರುತಿದೆಯೇ ಎಂದು ಕಣ್ಣಾರೆ ನೋಡಿರಿ.

ಆ 4ಎಲ್ ಗುರುತೇ ಬೆಟ್ಟದ ಗಾಡಿಯ ನಿಜವಾದ ಗುರುತು. ಅದನ್ನು ತೊಡಿಸಿದಾಗ ಇಂಜಿನ್ನಿನ ಸುತ್ತು ಇನ್ನೊಂದು ಗೇರ್ ಪೆಟ್ಟಿಗೆಯ ಮೂಲಕ ಹಾದು, ಚಕ್ರ ಬಹಳ ನಿಧಾನವಾಗಿ, ಆದರೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಬಲದಿಂದ ತಿರುಗುತ್ತದೆ. ಕಡಿದಾದ ಕಲ್ಲಿನ ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಸುಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಇಳಿಜಾರಿನಲ್ಲಿ ಇದರ ಉಪಕಾರ ಇನ್ನೂ ದೊಡ್ಡದು: ಮೊದಲ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿನ ಮೇಲೆ ಕಾಲಿಡುವುದು ಅಪರೂಪವಾಗುತ್ತದೆ. ಡಾಂಬರಿನ ಘಟ್ಟದಲ್ಲಿ ಈ 4ಎಲ್ ಬೇಡ. ಆದರೆ ನಿಯಮ ಅದೇ, ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು. ಬಯಲಿನ ರಸ್ತೆಗೆ ಒಗ್ಗಿದ ನಮ್ಮ ಕಡೆಯ ಚಾಲಕರು ಟಾಪ್ ಗೇರಿನಲ್ಲಿ ಬ್ರೇಕು ಒತ್ತುತ್ತಲೇ ಇಳಿಯುವುದನ್ನು ಘಟ್ಟಗಳಲ್ಲಿ ಕಾಣುತ್ತೇವೆ. ಪ್ಯಾಡುಗಳು ಕಾದು ಸುಟ್ಟ ವಾಸನೆ ಬಂದು, ಪೆಡಲು ಒತ್ತಿದರೂ ಗಾಡಿ ನಿಲ್ಲದ ಸ್ಥಿತಿ ಬರುವುದು ಹೀಗೆಯೇ. ಆಟೋಮ್ಯಾಟಿಕ್ ಕೊಳ್ಳುವವರು ಗೇರನ್ನು ಕೈಯಿಂದ ಕೆಳಗಿಳಿಸುವ ಸೌಲಭ್ಯ ಅದರಲ್ಲಿದೆಯೇ ಎಂದು ತಪ್ಪದೆ ನೋಡಬೇಕು. ಇನ್ನೊಂದು ಎಚ್ಚರಿಕೆ: ಥಾರ್, ಜಿಮ್ನಿಗಳಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ನಾಲ್ಕು ಚಕ್ರದ ಸ್ಥಿತಿಯಲ್ಲಿ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಒಣಗಿದ ಡಾಂಬರು, ಸಿಮೆಂಟು ರಸ್ತೆಯಲ್ಲಿ ಹಾಗೆ ಓಡಿಸಿದರೆ ತಿರುವಿನಲ್ಲಿ ಒತ್ತಡವೆಲ್ಲ ಗೇರುಗಳ ಮೇಲೆ ಬಿದ್ದು ಅವು ಕೆಡುತ್ತವೆ. ಕೆಸರು, ಮರಳು, ಸಡಿಲ ಜಲ್ಲಿ, ಹಿಮ ಇವುಗಳಿಗಷ್ಟೇ ಅದನ್ನು ಮೀಸಲಿಡಿರಿ.

ಎತ್ತರದ ವಿಷಯದಲ್ಲಿ ಜನ ಕೇಳುವ ಪ್ರಶ್ನೆ ಒಂದೇ, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, ಎಷ್ಟು ಎಂಬುದು. ಮೂರು ಬಾಗಿಲಿನ ಥಾರ್‌ಗೆ 226 ಮಿಲಿಮೀಟರ್, ಜಿಮ್ನಿಗೆ 210, ಗೂರ್ಖಾಕ್ಕೆ 233. ಈ ಅಂಕಿಗಳ ನಡುವಿನ ವ್ಯತ್ಯಾಸಕ್ಕಿಂತ ಮುಂಬದಿಯ ಬಂಪರು ಚಕ್ರದಿಂದ ಎಷ್ಟು ಮುಂದೆ ಚಾಚಿದೆ, ಎರಡು ಅಚ್ಚುಗಳ ನಡುವಿನ ಅಂತರ ಎಷ್ಟು ಎಂಬುದು ಬೆಟ್ಟದಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಉದ್ದನೆಯ ಗಾಡಿ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಗುಲಿಸಿಕೊಂಡು ನಿಲ್ಲುತ್ತದೆ. ಗಿಡ್ಡ ಗಾಡಿ ದಾಟುತ್ತದೆ, ಆದರೆ ಹೆದ್ದಾರಿಯಲ್ಲಿ ಹೆಚ್ಚು ಕುಲುಕುತ್ತದೆ. ಮೂರು ಬಾಗಿಲಿನ ಥಾರ್‌ನ ಹಿಂದಿನ ಸೀಟಿಗೆ ಮುಂದಿನ ಸೀಟನ್ನು ಬಾಗಿಸಿಯೇ ಹತ್ತಬೇಕು; ಸೀರೆಯುಟ್ಟ ತಾಯಿ, ಮೊಣಕಾಲು ನೋವಿನ ದೊಡ್ಡಪ್ಪ ಮನೆಯಲ್ಲಿದ್ದರೆ, ಅವರನ್ನು ಶೋರೂಮಿಗೆ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿಯೇ ಮಾತು ಮುಂದುವರಿಸಿರಿ. ಜಿಮ್ನಿಗೆ ಐದು ಬಾಗಿಲಿದ್ದರೂ ಕೂರುವವರು ನಾಲ್ವರೇ. ದೊಡ್ಡ ಕುಟುಂಬಕ್ಕೆ ಐದು ಬಾಗಿಲಿನ ಗೂರ್ಖಾ, ಥಾರ್ ರಾಕ್ಸ್, ಸ್ಕಾರ್ಪಿಯೊ ಎನ್ ಇವುಗಳ ಕಡೆಗೆ ನೋಡುವುದು ಲೇಸು. ಅಂದ ಹಾಗೆ, ಮುಂದಿನ ಮತ್ತು ಹಿಂದಿನ ಎರಡೂ ಅಚ್ಚುಗಳನ್ನು, ಎಡಬಲದ ಚಕ್ರಗಳು ಒಟ್ಟಿಗೇ ತಿರುಗುವಂತೆ, ಕೈಯಿಂದಲೇ ಲಾಕ್ ಮಾಡುವ ವ್ಯವಸ್ಥೆ ಗೂರ್ಖಾದಲ್ಲಿದೆ. ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದರೂ ಇನ್ನೊಂದು ನೆಲ ಕಚ್ಚಿ ಎಳೆಯುತ್ತದೆ.

ಇಂಜಿನ್ ಆರಿಸುವಾಗ ಎತ್ತರದ ಗಾಳಿಯನ್ನು ನೆನೆಯಬೇಕು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಬಲ ಕಳೆದುಕೊಳ್ಳುತ್ತದೆ. 1900 ಮೀಟರಿಗೂ ಎತ್ತರವಾದ ಮುಳ್ಳಯ್ಯನಗಿರಿಯಲ್ಲಿ ಇದನ್ನು ಹೇಗೋ ಸಹಿಸಬಹುದು. ಗಾಳಿಯ ಒತ್ತಡ ನಮ್ಮೂರಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿರುವ ಲಡಾಖಿನ ಖಾರ್ದುಂಗ್ಲಾದಲ್ಲಿ ಜಿಮ್ನಿಯ 1.5 ಲೀಟರ್ ಇಂಜಿನ್ನಿಗೆ ಕೆಳಗಿನ ಗೇರುಗಳೇ ಆಸರೆ. ಟರ್ಬೊ ಇರುವ ಡೀಸೆಲ್ ಈ ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಜಿಮ್ನಿಯ ತಿರುಚುಬಲ (ಟಾರ್ಕ್) 134 ನ್ಯೂಟನ್ ಮೀಟರ್, ಥಾರ್‌ನ 2.2 ಲೀಟರ್ ಡೀಸೆಲ್‌ನದು 300. ಹಾಗೆಂದು ಜಿಮ್ನಿಯನ್ನು ಕಡೆಗಣಿಸಬಾರದು; ಸುಮಾರು 1200 ಕಿಲೋ ತೂಗುವ ಹಗುರ ಮೈ ಅದರ ದೊಡ್ಡ ಆಸ್ತಿ, ಅದರಲ್ಲಿಯೂ ನಮ್ಮ ಎರೆ ಭೂಮಿಯಲ್ಲಿ.

ಎರೆ ಮಣ್ಣಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಜೇವರ್ಗಿ, ಅಫಜಲಪುರದ ಕಡೆ ತೊಗರಿ ಹೊಲದ ದಾರಿ ಒಂದು ಒಳ್ಳೆಯ ಮಳೆಯಾದ ಮೇಲೆ ಯಾವ ಘಟ್ಟಕ್ಕೂ ಕಡಿಮೆಯಲ್ಲದ ಪರೀಕ್ಷೆ. ಆ ಜಿಗುಟು ಮಣ್ಣು ಟಯರಿನ ಗೀರುಗಳನ್ನೆಲ್ಲ ತುಂಬಿ ಅದನ್ನು ನುಣ್ಣಗಿನ ಉರುಳೆಯನ್ನಾಗಿ ಮಾಡುತ್ತದೆ. ಹೆದ್ದಾರಿಯ ಟಯರಿದ್ದರೆ ನಾಲ್ಕೂ ಚಕ್ರ ತಿರುಗಿದರೂ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಭಾರದ ಗಾಡಿ ಹೂತುಹೋಗುತ್ತದೆ. ಆದ್ದರಿಂದ ಅಲಾಯ್ ಚಕ್ರ, ದೊಡ್ಡ ಪರದೆಗಳಿಗೆ ಕೊಡುವ ಹಣವನ್ನು ಮೊದಲು ಮಣ್ಣು, ಕಲ್ಲು, ಡಾಂಬರು ಎಲ್ಲಕ್ಕೂ ಒಗ್ಗುವ ಆಲ್ ಟೆರೇನ್ ಟಯರುಗಳಿಗೆ ಕೊಡಿರಿ. ರಿಮ್ ದೊಡ್ಡದಾಗಿ ಟಯರಿನ ಪಕ್ಕೆ ತೆಳ್ಳಗಾದಷ್ಟೂ ಗಾಡಿ ಚೆಂದ ಕಾಣುತ್ತದೆ, ಕಲ್ಲಿಗೆ ಬಡಿದು ಪಕ್ಕೆ ಹರಿಯುವ ಸಾಧ್ಯತೆಯೂ ಅಷ್ಟೇ ಹೆಚ್ಚುತ್ತದೆ. ಖದರೂ ಉಪಯೋಗವೂ ಸ್ಪಷ್ಟವಾಗಿ ಬೇರೆಯಾಗುವ ಜಾಗ ಇದು, ಮತ್ತು ಇಲ್ಲಿ ನಾನು ಟಯರಿನ ಪಕ್ಷ.

ಈಗ ವರ್ಚಸ್ಸಿನ ಮಾತು. ಬಿಳಿಯ ಫಾರ್ಚುನರ್ ನಮ್ಮ ಸೀಮೆಯಲ್ಲಿ ರಾಜಕಾರಣ ಮತ್ತು ಗುತ್ತಿಗೆಯ ಗಾಡಿ. ಅದರಿಂದ ಇಳಿದವರನ್ನು ಜನ ನಮಸ್ಕರಿಸುತ್ತಾರೆ, ಜೊತೆಗೆ ಅರ್ಜಿಯನ್ನೂ ಕೊಡುತ್ತಾರೆ. ಬೊಲೆರೊ ಹಳ್ಳಿಯ ಕೆಲಸಕ್ಕೆ ಸದಾ ಸಿದ್ಧನಾದವನ ಗುರುತು. ಥಾರ್‌ನಲ್ಲಿ ಹರೆಯ ಕಾಣುತ್ತದೆ. 1947ರಿಂದ ಈ ದೇಶದಲ್ಲಿ ಜೀಪು ಕಟ್ಟಿದ ಮಹೀಂದ್ರ ಕಂಪನಿಯ ಹಳೆಯ ಆಕೃತಿ ಅದರಲ್ಲಿ ಉಳಿದಿರುವುದರಿಂದ, ಹಿರಿಯರಿಗೂ ಅದು ಗೌಡರ ಮನೆಯ ಜೀಪನ್ನು ನೆನಪಿಸುತ್ತದೆ. ಗೂರ್ಖಾ, ಜಿಮ್ನಿಗಳನ್ನು ಗುರುತಿಸುವವರು ಕಡಿಮೆ, ಗುರುತಿಸಿದವರು ನಿಂತು ಮಾತಾಡಿಸುತ್ತಾರೆ. ನಿಮ್ಮ ಉದ್ಯೋಗಕ್ಕೂ ಸ್ವಭಾವಕ್ಕೂ ಯಾವುದು ಸಹಜವೋ ಅದನ್ನು ಆರಿಸಿರಿ. ಶಾಲೆಯ ಮೇಷ್ಟ್ರಿಗೆ ಒಪ್ಪುವ ಗಾಡಿ ಕಲ್ಲುಗಣಿಯ ಮಾಲೀಕರಿಗೆ ಒಪ್ಪಬೇಕೆಂದಿಲ್ಲ. ಬಣ್ಣದಲ್ಲಿ ಕಪ್ಪಿಗೆ ಗತ್ತು ಹೆಚ್ಚು, ಆದರೆ ನಮ್ಮ ಬಿಸಿಲಿಗೆ ಅದು ಬೇಗ ಕಾಯುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲು ಮತ್ತು ಸಿಮೆಂಟಿನ ಧೂಳು ಅದರ ಮೇಲೆ ಎದ್ದು ಕಾಣುತ್ತದೆ.

ಮುಂದೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸಿ ಗತ್ತು ಹೆಚ್ಚಿಸಿಕೊಳ್ಳುವುದನ್ನು ದಯವಿಟ್ಟು ಬಿಡಿರಿ. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲಿಯೇ ಅದನ್ನು ಕಾನೂನುಬಾಹಿರವೆಂದು ಹೇಳಿದೆ. ಅದು ಡಿಕ್ಕಿಯ ಪೆಟ್ಟನ್ನು ನೇರವಾಗಿ ಚಾಸಿಗೆ ದಾಟಿಸಿ ಏರ್‌ಬ್ಯಾಗಿನ ಲೆಕ್ಕವನ್ನೇ ಕೆಡಿಸಬಹುದು, ಪಾದಚಾರಿಗೆ ತಗುಲಿದರೆ ಗಾಯ ಘೋರವಾಗುತ್ತದೆ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ, ವಿಮೆಯ ಪರಿಹಾರಕ್ಕೂ ಅದು ಅಡ್ಡಿಯಾಗಬಹುದು. ಎತ್ತರ ಹೆಚ್ಚಿಸಿದ ಗಾಡಿ ಘಟ್ಟದ ತಿರುವಿನಲ್ಲಿ ಹೆಚ್ಚು ವಾಲುತ್ತದೆ ಎಂಬುದು ಕಾನೂನಿಗಿಂತಲೂ ದೊಡ್ಡ ಕಾರಣ.

ಬೆಲೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳಂತೆ, ಉದ್ದ 4 ಮೀಟರ್ ಮೀರದ, 1500 ಸಿಸಿ ಒಳಗಿನ ಡೀಸೆಲ್ ಅಥವಾ 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40. ಥಾರ್‌ನ 1.5 ಲೀಟರ್ ಡೀಸೆಲ್ ಈ ರಿಯಾಯಿತಿಗೆ ಸಲ್ಲುತ್ತದೆ, ಆದರೆ ಅದು ಹಿಂಚಕ್ರದ ಮಾದರಿ. ಫೋರ್ ಬೈ ಫೋರ್ ಥಾರ್‌ಗೂ ಜಿಮ್ನಿಗೂ ಹೆಚ್ಚಿನ ದರವೇ. ಡಾಂಬರಿನ ಘಟ್ಟವಷ್ಟೇ ನಿಮ್ಮ ಹಾಳೆಯಲ್ಲಿದ್ದರೆ, ಆ ಅಗ್ಗದ ಮಾದರಿಯೇ ಖದರಿಗೂ ಪ್ರಯಾಣಕ್ಕೂ ಸಾಕು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಕೊನೆಯದು ಟೆಸ್ಟ್ ಡ್ರೈವ್. ಕಲಬುರಗಿಯ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಬೆಟ್ಟದ ಗುಣ ತಿಳಿಯುವುದಿಲ್ಲ. ಬೀದರಿನಲ್ಲಿ ಕೊಳ್ಳುವವರು ಪ್ರಸ್ಥಭೂಮಿಯ ಅಂಚಿನಿಂದ ಮಾಂಜ್ರಾ ಕಣಿವೆಯತ್ತ ಇಳಿಯುವ ರಸ್ತೆಯನ್ನು ಕೇಳಿ ಪಡೆಯಿರಿ. ಕಲಬುರಗಿಯವರು ಕಡಿದಾದ ಒಂದು ಫ್ಲೈಓವರನ್ನಾದರೂ ಹುಡುಕಿರಿ. ಚಿಂಚೋಳಿಯ ಅಭಯಾರಣ್ಯ ಇಂಥ ಪರೀಕ್ಷೆಯ ಜಾಗವಲ್ಲ. ಅಲ್ಲಿ ರಸ್ತೆ ಬಿಟ್ಟು ಗಾಡಿ ಇಳಿಸಲೇಬಾರದು. ಸೀಟು ತುಂಬುವಷ್ಟು ಮನೆಯವರನ್ನು ಕೂರಿಸಿ, ಎ.ಸಿ. ಹಾಕಿ, ಏರಿನ ನಡುವೆ ಪೂರ್ತಿ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡುತ್ತದೆಯೇ ನೋಡಿರಿ. ಎರಡನೆಯ ಗೇರಿನಲ್ಲಿ ಬ್ರೇಕು ಮುಟ್ಟದೆ ಇಳಿಸಿ, ಇಂಜಿನ್ ಎಷ್ಟು ಹಿಡಿಯುತ್ತದೆಂದು ಗಮನಿಸಿರಿ. ಬಾನೆಟ್ಟಿನ ಮೇಲಿಂದ ರಸ್ತೆಯ ಅಂಚು ಕಾಣುತ್ತದೆಯೇ ಎಂಬುದನ್ನು, ಗಾಡಿ ನಡೆಸುವವರು ಇಬ್ಬರಿದ್ದರೆ ಇಬ್ಬರೂ ಕುಳಿತು ನೋಡಬೇಕು. ಮಣ್ಣಿನ ಜಾಗದಲ್ಲಿ ಸೇಲ್ಸ್‌ನವರ ಎದುರೇ 4ಎಲ್ ತೊಡಿಸಿ ಬಿಡಿಸಿರಿ, ಸ್ಟೆಪ್ನಿ ಉಳಿದ ನಾಲ್ಕು ಟಯರುಗಳ ಅಳತೆಯದೇ ಎಂದು ನೋಡಿರಿ, ಎಳೆಯುವ ಕೊಕ್ಕೆ ಹಿಂದೆ ಮುಂದೆ ಎರಡೂ ಕಡೆ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡೇ ಮುಂಗಡದ ಚೀಟಿಗೆ ಸಹಿ ಹಾಕಿರಿ.